ಹಿಮದ ಲೆಕ್ಕ ಹರಳಿನಲ್ಲಿ ಸಿಕ್ಕಿಕೊಂಡ ಕತೆ

ನೆಲದ ಮೇಲಿರುವ ಹಿಮವೆಲ್ಲ ಕರಗಿದರೆ ಎಷ್ಟು ನೀರಾದೀತು? ಉಪಗ್ರಹಗಳು ದಶಕಗಳಿಂದ ಇದನ್ನು ಅಳೆಯುತ್ತಿವೆ. ಆದರೂ ಒಂದೇ ಚಳಿಗಾಲದ ಬಗ್ಗೆ ಎರಡು ನಕ್ಷೆಗಳು ಎರಡು ಲೆಕ್ಕ ಹೇಳುತ್ತವೆ. ಯಾಕೆ ಹೀಗೆ?

1966ರಿಂದಲೇ ಉಪಗ್ರಹದ ಫೋಟೊ ನೋಡಿ ಹಿಮದ ನಕ್ಷೆ ಬರೆಯುತ್ತಿದ್ದರು. ಮೋಡ ಕವಿದರೆ ಏನೂ ಕಾಣುತ್ತಿರಲಿಲ್ಲ, ಆಳವಂತೂ ತಿಳಿಯುತ್ತಲೇ ಇರಲಿಲ್ಲ. 1978ರಲ್ಲಿ ನಿಂಬಸ್-7 ಎಂಬ ಉಪಗ್ರಹ ಹಾರಿತು. ಅದರಲ್ಲಿದ್ದ ಉಪಕರಣ ತಾನಾಗಿ ಯಾವ ಕಿರಣವನ್ನೂ ಬಿಡುತ್ತಿರಲಿಲ್ಲ. ನೆಲ ಸದಾ ಹೊರಸೂಸುವ ಮಂದ ಮೈಕ್ರೋವೇವ್ ಅಲೆಗಳನ್ನು ಸುಮ್ನೆ ಹಿಡಿದುಕೊಳ್ಳುತ್ತಿತ್ತು. ರಾತ್ರಿಯಾದರೂ ಸರಿ, ಮೋಡವಿದ್ದರೂ ಸರಿ.

ಹಿಮದ ಹರಳುಗಳು 37 ಗಿಗಾಹರ್ಟ್ಸ್ ಅಲೆಗಳನ್ನು ಚೆನ್ನಾಗಿ ಚೆದುರಿಸುತ್ತವೆ, 18 ಗಿಗಾಹರ್ಟ್ಸ್ ಅಲೆಗಳನ್ನು ಅಷ್ಟಾಗಿ ಅಲ್ಲ. ಹಾಗಾಗಿ ಉಪಗ್ರಹಕ್ಕೆ ಮೊದಲನೆಯದು ಹೆಚ್ಚು ಮಂದವಾಗಿ ಕಾಣುತ್ತದೆ. ಅಲೆಗಳ ಈ ತೀವ್ರತೆಯನ್ನು ಉಷ್ಣತೆಯ ಮಾನವಾದ ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಎರಡರ ನಡುವಿನ ವ್ಯತ್ಯಾಸ ಜಾಸ್ತಿಯಾದಷ್ಟೂ ಹಿಮ ಜಾಸ್ತಿ. 1987ರಲ್ಲಿ ನಾಸಾದ ಚಾಂಗ್, ಫಾಸ್ಟರ್ ಮತ್ತು ಹಾಲ್ ಇದನ್ನು ಒಂದೇ ಸಾಲಿನ ಸೂತ್ರಕ್ಕೆ ಇಳಿಸಿದರು. ವ್ಯತ್ಯಾಸವನ್ನು 1.59ರಿಂದ ಗುಣಿಸಿದರೆ ಸೆಂಟಿಮೀಟರಿನಲ್ಲಿ ಆಳ ಸಿಗುತ್ತದೆ. 20 ಕೆಲ್ವಿನ್ ಇದ್ದರೆ ಸುಮಾರು 32 ಸೆಂಟಿಮೀಟರ್. ಸೊಗಸಾದ ಸೂತ್ರ. ಆದರೆ ಹರಳಿನ ತ್ರಿಜ್ಯ ಎಲ್ಲೆಡೆ 0.3 ಮಿಲಿಮೀಟರ್ ಎಂದು ಅದು ಹಿಡಿದುಕೊಂಡಿತ್ತು.

ಕೊರೆಯುವ ಚಳಿಯಲ್ಲಿ ವಾರಗಟ್ಟಲೆ ಬಿದ್ದಿರುವ ತೆಳು ಹಿಮವನ್ನು ಬುಡದವರೆಗೆ ಅಗೆದು ನೋಡಿ. ಮೇಲಿನದು ಹಿಟ್ಟಿನಂತಿರುತ್ತದೆ. ಬುಡದ್ದು ದಪ್ಪ ಸಕ್ಕರೆ ಹರಳಿನಂತೆ. ಮುಷ್ಟಿ ಬಿಗಿದರೂ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಿಂದ ಸುರಿದು ಹೋಗುತ್ತದೆ. ಕೆಳಗಿನ ನೆಲ ಮೇಲಿನ ಗಾಳಿಗಿಂತ ಬೆಚ್ಚಗಿರುವುದರಿಂದ ಆವಿ ಮೇಲೇರುತ್ತಾ ಹರಳುಗಳನ್ನು ಬೆಳೆಸುತ್ತದೆ. ಹರಳು ದಪ್ಪಗಾದರೆ ಅಲೆಗಳು ಇನ್ನೂ ಚೆದುರುತ್ತವೆ. ಹೊಸ ಹಿಮ ಒಂದಿಷ್ಟೂ ಬೀಳದಿದ್ದರೂ ಉಪಗ್ರಹದ ಲೆಕ್ಕ ಏರುತ್ತದೆ! ಬಿಸಿಲಿಗೆ ಹಿಮ ಒದ್ದೆಯಾದರೆ ಇದಕ್ಕೆ ತದ್ವಿರುದ್ಧ: ಹಿಮ ಕಣ್ಣೆದುರೇ ಇದ್ದರೂ ಸಂಕೇತ ಅಳಿಸಿಹೋಗುತ್ತದೆ. ಆಳ ಮೀಟರಿನ ಆಸುಪಾಸಿಗೆ ಬಂದರೆ ಸಂಕೇತ ಬೆಳೆಯುವುದೇ ನಿಲ್ಲುತ್ತದೆ. ನಕ್ಷೆಯ ಒಂದೊಂದು ಚೌಕವೂ ಸುಮಾರು 25 ಕಿಲೋಮೀಟರ್. ಶಿಖರ, ಕಣಿವೆ, ಕಾಡು, ಕೆರೆ ಎಲ್ಲಕ್ಕೂ ಸೇರಿ ಒಂದೇ ಅಂಕಿ.

2002ರಲ್ಲಿ, ಮತ್ತೆ 2012ರಲ್ಲಿ, ಇನ್ನೂ ಚೆನ್ನಾದ ಉಪಕರಣಗಳು ಹೋದವು. ಹರಳಿನ ತೊಡಕು ಹಾಗೇ ಉಳಿಯಿತು. ದೊಡ್ಡ ಬದಲಾವಣೆ ಬಂದದ್ದು ನೆಲದಿಂದ. ಫಿನ್ಲೆಂಡಿನ ಹವಾಮಾನ ಸಂಸ್ಥೆಯವರು ಮುನ್ನಡೆಸಿದ ಗ್ಲೋಬ್‌ಸ್ನೋ ಯೋಜನೆ, ಹವಾಮಾನ ಕೇಂದ್ರಗಳಲ್ಲಿ ಅಳೆದ ಆಳವನ್ನು ಉಪಗ್ರಹದ ಸಂಕೇತದ ಜೊತೆ ಬೆರೆಸಿತು. ಬಯಲಿನಲ್ಲಿ ಲೆಕ್ಕ ಸುಧಾರಿಸಿತು. ಬೆಟ್ಟಗಳನ್ನು ಮಾತ್ರ ನಕ್ಷೆಯಿಂದ ಕೈಬಿಡಬೇಕಾಯಿತು.

ಕರಗಿದ ಹಿಮವನ್ನೇ ನಂಬಿದ ಎಷ್ಟೋ ನದಿಗಳು ಹುಟ್ಟುವುದು ಆ ಬೆಟ್ಟಗಳಲ್ಲೇ ಅಲ್ವಾ? ಅಲ್ಲಿ ಹತ್ತಿ ಹೋಗಿ, ಕೋಲು ನೆಟ್ಟು, ಹಿಮ ತೂಗಿ ಬರುವವರಿದ್ದಾರೆ. ಹೊಸ ಉಪಗ್ರಹಕ್ಕೆ ಸಿಗುವ ಹಣದ ಒಂದು ಸಣ್ಣ ಪಾಲು ಅವರಿಗೂ ಸಿಗಬೇಕು.