ವಸಡು ಇಳಿದ್ರೆ ಗಮ್ ಗ್ರಾಫ್ಟ್ ಮಾಡಿಸ್ಲೇಬೇಕಾ, ತಾನಾಗೇ ವಾಪಸ್ ಬೆಳೆಯಲ್ವಾ?

ಪ್ರಶ್ನೆ: ಕೋರೆಹಲ್ಲಿನ ಹತ್ರ ವಸಡು ಸರಿದು ಹಲ್ಲು ಉದ್ದ ಕಾಣ್ತಿದೆ, ತಣ್ಣೀರು ಕುಡಿದ್ರೆ ಜುಂ ಅನ್ನತ್ತೆ. ಡಾಕ್ಟ್ರು ಗಮ್ ಗ್ರಾಫ್ಟ್ ಮಾಡಿಸ್ಕೊಳ್ಳಿ ಅಂದ್ರು, ಅಂಗುಳದಿಂದ ಚರ್ಮ ತೆಗೆದು ಇಲ್ಲಿ ಹೊಲೀತಾರಂತೆ, ಕೇಳೇ ಭಯ ಆಯ್ತು. ಚೆನ್ನಾಗಿ ನೋಡ್ಕೊಂಡ್ರೆ ವಸಡು ತಾನಾಗೇ ಬೆಳೆಯಲ್ವಾ?

ಬೆಳೆಯಲ್ಲ. ಮೊದಲೇ ನೇರವಾಗಿ ಹೇಳ್ಬಿಡ್ತೀನಿ, ಯಾಕಂದ್ರೆ ಈ ಒಂದು ಆಸೆ ಇಟ್ಕೊಂಡು ವರ್ಷಗಟ್ಟಲೆ ಪೇಸ್ಟು, ಜೆಲ್ಲು, ಎಣ್ಣೆ ಅಂತ ಒಂದಾದ ಮೇಲೊಂದು ಹಚ್ಚಿ ನೋಡಿ, ಬೇರು ಇನ್ನೂ ಅರ್ಧ ಹೊರಗೆ ಬಂದ್ಮೇಲೆ ತೋರಿಸ್ಕೊಳ್ಳೋಕೆ ಬರೋರನ್ನ ಕಂಡ್ರೆ ನಿಜವಾಗ್ಲೂ ಸಂಕಟ ಆಗತ್ತೆ. ಕೈ ತರಚಿದ್ರೆ ಚರ್ಮ ಬಂದು ಮುಚ್ಕೊಳ್ಳತ್ತೆ, ವಸಡೂ ಹಾಗೇ ಅಂದ್ಕೊಳ್ಳೋದು ಸಹಜ, ಆದ್ರೆ ತರಚಿದ ಗಾಯದ ಅಡಿಯಲ್ಲಿ ರಕ್ತ ಹರಿಯೋ ಮಾಂಸ ಇರತ್ತೆ, ಹಲ್ಲಿನ ಬೇರಿನ ಮೇಲೆ ಅದಿಲ್ಲ, ಅಲ್ಲಿರೋದು ಗಟ್ಟಿ ಮೇಲ್ಮೈ ಅಷ್ಟೇ. ವಸಡು ಅದರ ಮೇಲೆ ಹತ್ತಿ ಬರೋಕೆ ಪೋಷಣೆ ಎಲ್ಲಿಂದ ಬರಬೇಕು? ಜೊತೆಗೆ ಬೇರಿನ ಮುಂದೆ ಇರೋ ಮೂಳೆ ಎಷ್ಟೋ ಜನರಲ್ಲಿ ಮೊದಲೇ ತುಂಬಾ ತೆಳ್ಳಗಿರತ್ತೆ, ಅದು ಕರಗಿತು ಅಂದ್ರೆ ವಸಡಿಗೆ ಒರಗೋಕೆ ಆಸರೆನೂ ಇಲ್ಲ.

ಆದ್ರೆ ಬೆಳೆಯಲ್ಲ ಅಂದ ಮಾತ್ರಕ್ಕೆ ಆಪರೇಶನ್ ಮಾಡಿಸ್ಲೇಬೇಕು ಅಂತಲ್ಲ. ಅದಕ್ಕೂ ಮುಂಚೆ ಕೇಳ್ಬೇಕಾದ ಪ್ರಶ್ನೆ ಎರಡಿವೆ, ವಸಡು ಯಾಕೆ ಇಳೀತು, ಈಗ್ಲೂ ಇಳೀತಾ ಇದೆಯಾ.

ಕಾರಣ ಒಂದೇ ಇರಲ್ಲ. ಕೋರೆಹಲ್ಲು ಮತ್ತೆ ಅದರ ಹಿಂದಿನ ಹಲ್ಲಲ್ಲಿ ಮಾತ್ರ ಇಳಿದಿದ್ದು, ಉಳಿದ ಕಡೆ ವಸಡು ಗುಲಾಬಿ ಬಣ್ಣದಲ್ಲಿ ಆರೋಗ್ಯವಾಗಿದ್ರೆ ಮೊದಲ ಅನುಮಾನ ಬ್ರಶ್ ಮೇಲೆ, ಗಟ್ಟಿ ಬ್ರಶ್ ಹಿಡಿದು ಅಡ್ಡಡ್ಡ ಗರಗಸ ಎಳೆದ ಹಾಗೆ ಉಜ್ಜೋರಿಗೆ ಬಾಯಿ ತಿರುಗೋ ಆ ಮೂಲೆಯಲ್ಲೇ ಜಾಸ್ತಿ ಒತ್ತಡ ಬೀಳತ್ತೆ. ಹಲ್ಲು ಸ್ವಲ್ಪ ಮುಂದಕ್ಕೆ ಚಾಚಿದ್ರೂ, ಕ್ಲಿಪ್ ಹಾಕಿಸಿದಾಗ ಹಲ್ಲು ಮೂಳೆಯ ಅಂಚಿನಿಂದ ಹೊರಗೆ ಸರಿದಿದ್ರೂ, ತುಟಿಯ ಒಳಗಿನ ನಾರು ವಸಡನ್ನ ಎಳೀತಿದ್ರೂ, ತಂಬಾಕು ಒಂದೇ ಜಾಗದಲ್ಲಿ ಇಡೋ ಅಭ್ಯಾಸ ಇದ್ರೂ ಆಗತ್ತೆ. ಬ್ರಶ್ ಮಾಡುವಾಗ ರಕ್ತ, ಬಾಯಿ ವಾಸನೆ, ಹಲ್ಲಿನ ಮಧ್ಯೆ ಸಂದು, ಇವೆಲ್ಲ ಇದ್ರೆ ಅದು ಬೇರೆ ಕತೆ, ಅದು ವಸಡಿನ ರೋಗ, ಅಲ್ಲಿ ಮೊದಲು ಬೇರಿನವರೆಗೂ ಕ್ಲೀನಿಂಗ್ ಆಗಿ ಸೋಂಕು ಹತೋಟಿಗೆ ಬರಬೇಕು, ಗ್ರಾಫ್ಟ್ ಮಾತು ಆಮೇಲೆ. (ಕ್ಲೀನಿಂಗ್ ಮಾಡಿಸಿದ್ಮೇಲೆ ವಸಡು ಇನ್ನೂ ಇಳೀತು ಅಂತ ತುಂಬಾ ಜನ ಹೇಳ್ತಾರೆ, ಅಲ್ಲಿ ಆಗಿರೋದು ಊತ ಇಳಿದಿರೋದು. ಊದಿದ ವಸಡು ಬೇರನ್ನ ಮುಚ್ಚಿಟ್ಟಿತ್ತು ಅಷ್ಟೇ.)

ಇಳೀತಾ ಇದೆಯಾ ಅಂತ ತಿಳಿಯೋಕೆ ಡಾಕ್ಟ್ರು ಅಳತೆ ಕಡ್ಡಿ ಇಟ್ಟು ಮಿಲಿಮೀಟರ್ ಲೆಕ್ಕದಲ್ಲಿ ಬರೆದಿಡ್ತಾರೆ, ನೀವೂ ಒಂದೇ ಬೆಳಕಲ್ಲಿ ಒಂದೇ ಕೋನದಿಂದ ಫೋಟೋ ತೆಗೆದಿಟ್ಕೊಳ್ಳಿ. ಕನ್ನಡಿಯಲ್ಲಿ ಹತ್ರದಿಂದ ನೋಡಿದ್ರೆ ಬಿಳಿ ಎನಾಮೆಲ್ ಮುಗಿದು ಹಳದಿ ಛಾಯೆಯ ಬೇರು ಶುರುವಾಗೋ ಗೆರೆ ಕಾಣತ್ತೆ, ಆ ಗೆರೆ ಜಾಗ ಬಿಟ್ಟು ಕದಲಲ್ಲ, ಅದರಿಂದ ವಸಡಿನ ಅಂಚು ಎಷ್ಟು ದೂರ ಇದೆ ಅನ್ನೋದೇ ಲೆಕ್ಕ. ವರ್ಷ ಕಳೆದ್ರೂ ಅಷ್ಟೇ ಇದ್ದು, ಜುಂ ಅನ್ನೋದು ಸೆನ್ಸಿಟಿವಿಟಿ ಪೇಸ್ಟಿಗೆ ಅಥವಾ ಡಾಕ್ಟ್ರು ಹಲ್ಲಿಗೆ ಹಚ್ಚೋ ಫ್ಲೋರೈಡ್ ವಾರ್ನಿಶ್‌ಗೆ ಬಗ್ಗಿದ್ರೆ, ಮೆತ್ತಗಿನ ಬ್ರಶ್ ಹಿಡಿದು ಹಾಗೇ ಕಾಪಾಡ್ಕೊಂಡು ಹೋಗ್ಬಹುದು, ಅದೂ ಸರಿಯಾದ ಚಿಕಿತ್ಸೆನೇ. ವಸಡು ಇಳೀತಾನೇ ಇದೆ, ಬ್ರಶ್ ತಾಗಿದ್ರೆ ನೋವು, ಹಲ್ಲಿನ ಸುತ್ತ ಗಟ್ಟಿ ವಸಡೇ ಉಳಿದಿಲ್ಲ, ಬೇರಲ್ಲಿ ಹುಳುಕು ಶುರುವಾಗ್ತಿದೆ, ಅಥವಾ ನಗುವಾಗ ಕಾಣೋದು ಮನಸ್ಸಿಗೆ ಚುಚ್ಚುತ್ತೆ ಅಂದ್ರೆ ಗ್ರಾಫ್ಟ್‌ಗೆ ಅರ್ಥ ಇದೆ. ಬೇರಿನ ಹುಳುಕನ್ನ ಹಗುರವಾಗಿ ತಗೋಬೇಡಿ, ಎನಾಮೆಲ್ ಕರಗೋಕೆ ಬಾಯಿಯ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 5.5ರ ಆಸುಪಾಸಿಗೆ ಇಳೀಬೇಕು, ಬೇರು 6ಕ್ಕಿಂತ ಮೇಲಿರುವಾಗ್ಲೇ ಕರಗೋಕೆ ಶುರುವಾಗತ್ತೆ.

ಈಗ ಅಂಗುಳದ ಭಯಕ್ಕೆ ಬರ್ತೀನಿ. ನೀವು ಕೇಳಿರೋ ಭಯಂಕರ ಕತೆಗಳು ಹೆಚ್ಚಾಗಿ ಹಳೇ ವಿಧಾನದ್ದು, ಅದರಲ್ಲಿ ಅಂಗುಳದ ಮೇಲ್ಪದರ ಸಮೇತ ಒಂದು ತುಂಡು ತೆಗೀತಾರೆ, ಆ ಜಾಗ ತೆರೆದ ಗಾಯದ ಥರ ಉಳಿಯತ್ತೆ, ಊಟ ತಾಗಿದ್ರೆ ಉರಿಯತ್ತೆ. ಕೆಳಗಿನ ಮುಂದಿನ ಹಲ್ಲುಗಳಿಗೆ ಗಟ್ಟಿ ವಸಡು ಬೇಕಾದಾಗ ಇದನ್ನ ಈಗ್ಲೂ ಮಾಡ್ತಾರೆ, ಗಟ್ಟಿ ಬರತ್ತೆ ಆದ್ರೆ ಬಣ್ಣ ಸ್ವಲ್ಪ ಪೇಲವ. ಬೇರು ಮುಚ್ಚೋಕೆ ಈಗ ಜಾಸ್ತಿ ಮಾಡೋದು 1980ರ ದಶಕದಿಂದ ಬಳಕೆಗೆ ಬಂದ ವಿಧಾನ, ಇದರಲ್ಲಿ ಅಂಗುಳದ ಮೇಲ್ಪದರವನ್ನ ಡಬ್ಬಿ ಮುಚ್ಚಳದ ಹಾಗೆ ಎತ್ತಿ, ಒಳಗಿಂದ ಒಂದು ಒಂದೂವರೆ ಮಿಲಿಮೀಟರ್ ದಪ್ಪದ ಪದರ ಮಾತ್ರ ತೆಗೆದು, ಮುಚ್ಚಳ ವಾಪಸ್ ಮುಚ್ಚಿ ಹೊಲೀತಾರೆ. ತೆಗೆದಿದ್ದನ್ನ ಬೇರಿನ ಮೇಲಿಟ್ಟು ಅಲ್ಲಿನ ವಸಡನ್ನೇ ಎಳೆದು ಅದರ ಮೇಲೆ ಹೊದಿಸ್ತಾರೆ, ಹಾಗಾಗಿ ಎರಡೂ ಕಡೆಯಿಂದ ರಕ್ತ ಸಿಗತ್ತೆ, ಬಣ್ಣನೂ ಹೊಂದ್ಕೊಳ್ಳತ್ತೆ. ಮರಗಟ್ಟೋ ಇಂಜೆಕ್ಷನ್‌ನಲ್ಲೇ ಆಗತ್ತೆ. ಅಂಗುಳ ಮುಟ್ಟೋದೇ ಬೇಡ ಅನ್ನೋರಿಗೆ ಸಂಸ್ಕರಿಸಿದ ದಾನಿ ಚರ್ಮ, ಹಂದಿ ಮೂಲದ ಕೊಲ್ಯಾಜನ್ (ಚರ್ಮದಲ್ಲಿರೋ ಪ್ರೋಟೀನ್) ಪದರ ಇವೆ, ಆದ್ರೆ ಬೇರು ಪೂರ್ತಿ ಮುಚ್ಚೋ ವಿಷಯದಲ್ಲಿ ಸ್ವಂತ ಅಂಗುಳದ್ದೇ ಮೇಲು ಅಂತ ನನ್ನ ಅಭಿಪ್ರಾಯ.

ಪೂರ್ತಿ ಮುಚ್ಚತ್ತಾ ಅನ್ನೋದನ್ನ ನಿರ್ಧರಿಸೋದು ಪಕ್ಕದ ಹಲ್ಲಿಗೂ ಇದಕ್ಕೂ ಮಧ್ಯೆ ಇರೋ ಮೂಳೆ. ವಸಡು ಇಳಿದಿದ್ದನ್ನ ದರ್ಜೆ ಮಾಡೋ 1985ರ ಮಿಲ್ಲರ್ ವಿಂಗಡಣೆ ಆಗ್ಲಿ, 2011ರ ಕೈರೋ ವಿಂಗಡಣೆ ಆಗ್ಲಿ, ಮುಖ್ಯವಾಗಿ ನೋಡೋದು ಹಲ್ಲುಗಳ ಮಧ್ಯದ ಈ ಆಸರೆಯನ್ನೇ. ಮಧ್ಯದ ಮೂಳೆ ಗಟ್ಟಿಯಾಗಿದ್ರೆ ಪೂರ್ತಿ ಮುಚ್ಚೋ ಸಾಧ್ಯತೆ ಚೆನ್ನಾಗಿದೆ, ಅದೇ ಕರಗಿದ್ರೆ ಅರ್ಧಂಬರ್ಧ. ಈ ಮಾತನ್ನ ಆಪರೇಶನ್‌ಗೆ ಮುಂಚೆನೇ ಕೇಳಿ ತಿಳ್ಕೊಳ್ಳಿ. ಸಿಗರೇಟ್ ಸೇದೋರಿಗೆ ಫಲಿತಾಂಶ ಕಮ್ಮಿ, ಶುಗರ್ ಹತೋಟಿಯಲ್ಲಿ ಇಲ್ದಿದ್ರೆ ಮೊದಲು ಅದು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಡಾಕ್ಟ್ರಿಗೆ ಹೇಳಿ, ನೀವಾಗೇ ನಿಲ್ಲಿಸ್ಬೇಡಿ.

ಮೂರನೇ ನಾಲ್ಕನೇ ದಿನ ಎಲ್ಲರೂ ಗಾಬರಿ ಆಗೋದು ಒಂದಕ್ಕೇ, ಹೊಲಿದ ಜಾಗ ಬೆಳ್ಳಗಾಗಿದೆ, ಕೊಳೀತಿದೆಯಾ ಅಂತ. ನೆನೆದ ಕಾಗದದ ಥರ ಬಿಳಿ ಹಳದಿ ಪೊರೆ ಬರೋದು ಮಾಯೋ ಗಾಯದ ಲಕ್ಷಣ. ಮೊದಲ ಎರಡು ದಿನ ಆ ತುಂಡಿಗೆ ಸ್ವಂತ ರಕ್ತನಾಳ ಇರಲ್ಲ, ಸುತ್ತ ಒಸರೋ ದ್ರವದಲ್ಲೇ ಬದುಕಿರತ್ತೆ, ಆಮೇಲೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಒಳಗೆ ಬೆಳೆಯೋಕೆ ಶುರುವಾಗತ್ತೆ. ಈ ದಿನಗಳಲ್ಲಿ ಅದು ಅಲುಗಾಡಿತು ಅಂದ್ರೆ ಆ ನಾಳಗಳು ಕಿತ್ತು ಹೋಗತ್ತೆ, ಅದಕ್ಕೇ ತುಟಿ ಎತ್ತಿ ನೋಡ್ಬೇಡಿ, ಯಾರಿಗೂ ತೋರಿಸ್ಬೇಡಿ ಅಂತ ಅಷ್ಟು ಒತ್ತಿ ಹೇಳೋದು, ನನ್ನ ಪ್ರಕಾರ ಇಡೀ ಆರೈಕೆಯಲ್ಲಿ ಇದಕ್ಕಿಂತ ದೊಡ್ಡ ನಿಯಮ ಇಲ್ಲ. ಸ್ಟ್ರಾ ಬೇಡ, ಮೆತ್ತಗಿನ ಆರಿದ ಊಟ, ಆ ಜಾಗಕ್ಕೆ ಎರಡು ವಾರವಾದ್ರೂ ಬ್ರಶ್ ಇಲ್ಲ, ಬದಲಿಗೆ ಬಾಯಿ ಮುಕ್ಕಳಿಸೋ ಕ್ರಿಮಿನಾಶಕ ಕ್ಲೋರ್‌ಹೆಕ್ಸಿಡಿನ್ ನೀರು. ಅದರಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ರೆ ಹೆದರ್ಬೇಡಿ, ಕ್ಲೀನಿಂಗ್‌ನಲ್ಲಿ ಹೋಗತ್ತೆ. ಅಂಗುಳದಲ್ಲಿ ರಕ್ತ ಬಂದ್ರೆ ಪದೇ ಪದೇ ಮುಕ್ಕಳಿಸಿ ಉಗೀಬೇಡಿ, ಒದ್ದೆ ಗಾಜ್ ಬಟ್ಟೆ ಒತ್ತಿ ಹಿಡಿದು ಹದಿನೈದು ನಿಮಿಷ ಕೂತ್ಕೊಳ್ಳಿ, ಆಗ್ಲೂ ನಿಲ್ಲದಿದ್ರೆ ಫೋನ್ ಮಾಡಿ. ಹೊಲಿಗೆ ಹತ್ತರಿಂದ ಹದಿನಾಲ್ಕು ದಿನದೊಳಗೆ ತೆಗೀತಾರೆ.

ಇನ್ನು ತಾನಾಗೇ ಬೆಳೆಯಲ್ವಾ ಅಂದ್ರಲ್ಲ, ಗ್ರಾಫ್ಟ್ ಚೆನ್ನಾಗಿ ಹಿಡಿದ್ಮೇಲೆ ಕೆಲವರಲ್ಲಿ ಅದೂ ಆಗತ್ತೆ. ತಿಂಗಳುಗಳು ಕಳೀತಾ ವಸಡಿನ ಅಂಚು ನಿಧಾನಕ್ಕೆ ಬೇರಿನ ಮೇಲೆ ಇನ್ನೊಂದು ಮಿಲಿಮೀಟರ್ ಹತ್ತಿರ ತೆವಳಿ ಬರತ್ತೆ. ಹಾಗಾಗಿ ಎರಡನೇ ತಿಂಗಳಲ್ಲಿ ಕನ್ನಡಿ ನೋಡಿ ಸ್ವಲ್ಪ ಬೇರು ಇನ್ನೂ ಕಾಣ್ತಿದೆ ಅಂತ ಬೇಜಾರು ಮಾಡ್ಕೋಬೇಡಿ, ವರ್ಷ ಆದ್ಮೇಲೆ ತೆಗೆದ ಫೋಟೋ ಪಕ್ಕದಲ್ಲಿಟ್ಟು ನೋಡಿ.