ಪ್ರಿಸರ್ವ್ಡ್ ಗುಲಾಬಿಗೆ ನೀರು ಬೇಡ, ಮನೆಯ ಗಾಳಿ ನೋಡಿಕೊಳ್ಳಿ

ಹುಟ್ಟುಹಬ್ಬಕ್ಕೋ ಮದುವೆ ವಾರ್ಷಿಕೋತ್ಸವಕ್ಕೋ ಯಾರೋ ತಂದುಕೊಡುವ, ಗಾಜಿನೊಳಗೆ ಅರಳಿ ಕೂತಿರುವ ಗುಲಾಬಿ ಪ್ಲಾಸ್ಟಿಕ್ಕಿನದಲ್ಲ. ನಿಜವಾದ ಹೂವೇ. ಆದರೆ ಅದರೊಳಗಿನ ನೀರು ತೆಗೆದು, ಆ ಜಾಗಕ್ಕೆ ಗ್ಲಿಸರಿನ್ ಅಥವಾ ಅಂಥದ್ದೇ ಒಂದು ದ್ರವ ತುಂಬಿರುತ್ತಾರೆ. ಹೂವನ್ನು ಬಾಡದಂತೆ ಇಡೋದು ಹೇಗೆ ಅಂತ ನಾವು ಕಲಿತಿರುವುದೆಲ್ಲ ತಾಜಾ ಹೂವಿನ ಪಾಠ: ನೀರು ಚಿಮುಕಿಸು, ಒದ್ದೆ ಬಟ್ಟೆ ಸುತ್ತು, ಮಲ್ಲಿಗೆ ದಂಡೆಯನ್ನು ಫ್ರಿಜ್ಜಿನಲ್ಲಿಡು. ಇದೇ ಉಪಚಾರವನ್ನು ಈ ಹೂವಿಗೆ ಮಾಡಿದರೆ ಅದು ಬೇಗ ಹಾಳಾಗುತ್ತದೆ.

ತಯಾರಿಸುವ ಬಗೆ ಗೊತ್ತಾದರೆ ಕಾರಣವೂ ತಿಳಿಯುತ್ತದೆ. ಚೆನ್ನಾಗಿ ಅರಳಿದ ಹೂವನ್ನು ಮೊದಲು ಆಲ್ಕೋಹಾಲ್‌ನಲ್ಲಿ ಮುಳುಗಿಸುತ್ತಾರೆ. ಅದು ದಳಗಳಿಂದ ನೀರನ್ನು ಎಳೆದುಕೊಳ್ಳುತ್ತದೆ, ಜೊತೆಗೆ ಹೂವಿನ ಸ್ವಂತ ಬಣ್ಣವನ್ನೂ ತೊಳೆದುಬಿಡುತ್ತದೆ. ಆಮೇಲೆ ಬಣ್ಣ ಬೆರೆಸಿದ ಗ್ಲಿಸರಿನ್ ದ್ರಾವಣದಲ್ಲಿ ಇಡುತ್ತಾರೆ. ಗ್ಲಿಸರಿನ್ ಕುದಿಯಬೇಕಾದರೆ ಸುಮಾರು 290 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಾಗಾಗಿ ಕೋಣೆಯ ಬಿಸಿಗೆ ಅದು ಆವಿಯಾಗಿ ಹೋಗುವುದಿಲ್ಲ ಅಂತಲೇ ಹೇಳಬಹುದು, ದಳ ಮೆತ್ತಗೇ ಉಳಿಯುತ್ತದೆ. ಅಂದರೆ ಕಾಣುತ್ತಿರುವ ಕೆಂಪು ಹೂವಿನದಲ್ಲ, ಡೈಯದು. ನೀಲಿ ಗುಲಾಬಿ ಸಿಗುವುದೂ ಹೀಗೇ. ಗುಲಾಬಿ ಗಿಡಕ್ಕೆ ನೀಲಿಯ ಮೂಲವಾದ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯ ಮಾಡುವ ಶಕ್ತಿ ಸಹಜವಾಗಿ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗ್ಲಿಸರಿನ್ ಸುಮ್ನೆ ಕೂರುವ ವಸ್ತುವಲ್ಲ. ಗಾಳಿಯಿಂದ ನೀರು ಹೀರುತ್ತದೆ, ಗಾಳಿ ಒಣಗಿದಾಗ ಬಿಟ್ಟುಕೊಡುತ್ತದೆ. ಗಾಳಿಯ ತೇವಾಂಶ ಶೇ 50 ಇದ್ದಾಗ ಅದು ತನ್ನ ತೂಕದ ಹೆಚ್ಚುಕಡಿಮೆ ಕಾಲು ಭಾಗದಷ್ಟು ನೀರು ಹಿಡಿದಿರುತ್ತದೆ. ಶೇ 80ಕ್ಕೆ ಏರಿದರೆ ಮುಕ್ಕಾಲು ಭಾಗಕ್ಕೂ ಜಾಸ್ತಿ! ಅಷ್ಟು ನೀರು ದಳದೊಳಗೆ ಸೇರಿದಾಗ ದಳ ಎಣ್ಣೆ ಹಚ್ಚಿದ ಕಾಗದದ ಹಾಗೆ ಅರೆಪಾರದರ್ಶಕವಾಗುತ್ತದೆ. ಮೇಲೆ ಬೆವರಿನಂಥ ಹನಿ ಮೂಡುತ್ತದೆ, ಡೈ ಅದರಲ್ಲಿ ಇಳಿದು ಕೆಳಗಿನ ಬಿಳಿ ಬಟ್ಟೆಗೋ ಗೋಡೆಗೋ ಅಂಟುತ್ತದೆ. ಬೂಸ್ಟೂ ಬರಬಹುದು. ಮಳೆಗಾಲದ ಮಂಗಳೂರಿನಲ್ಲಿ ತೇವಾಂಶ ಸಾಮಾನ್ಯವಾಗಿ ಶೇ 80ರ ಮೇಲೇ ಇರುತ್ತದೆ, ಹಾಗಾಗಿ ಅಲ್ಲಿ ಇಂಥ ಹೂವನ್ನು ತೆರೆದಿಡುವುದು ಬೇಡವೇ ಬೇಡ. ಏಪ್ರಿಲ್ ಮಧ್ಯಾಹ್ನದ ಕಲಬುರಗಿಯಲ್ಲಿ ತೊಂದರೆ ತಿರುಗುಮುರುಗು. ಅಲ್ಲಿ ದಳದ ಅಂಚು ಒಣಗಿ ಮುರಿಯುತ್ತದೆ. ಎಸಿಯ ಗಾಳಿ ನೇರವಾಗಿ ಬಡಿಯುವ ಜಾಗದಲ್ಲೂ ಅದೇ ಕಥೆ.

ಶೇ 40ರಿಂದ 60 ಇದ್ದರೆ ಹೂವು ಆರಾಮವಾಗಿರುತ್ತದೆ. ಅದನ್ನು ಅಳೆಯಲು ಹೈಗ್ರೋಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಡುಗೆಮನೆಯ ಉಪ್ಪನ್ನು ನೋಡಿ. ಶುದ್ಧವಾದ ಉಪ್ಪು ತೇವಾಂಶ ಶೇ 75 ದಾಟಿದ ಮೇಲೆ ಗಾಳಿಯ ನೀರು ಹೀರಿ ಕರಗತೊಡಗುತ್ತದೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಅದು ಇನ್ನೂ ಮೊದಲೇ ಜಿನುಗುತ್ತದೆ. ಭರಣಿಯ ಉಪ್ಪು ಒದ್ದೆಯಾಯಿತು ಅಂದರೆ ಹೂವಿನ ಗಾಜನ್ನು ಬಿಗಿಯಾಗಿ ಮುಚ್ಚಿಡುವ ಕಾಲ ಬಂತು ಅಂತ ತಿಳಿಯಿರಿ. ಆಗಲೇ ಬೆವರಿದ್ದರೆ ಒರೆಸಲು ಹೋಗಬೇಡಿ, ದಳ ಹರಿಯುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಂದು ದಿನ ಇಟ್ಟು ನೋಡಿ. ದಳದ ಹೊಳಪು ಇಳಿದ ಕೂಡಲೇ ಪೊಟ್ಟಣ ತೆಗೆಯಬೇಕು, ಯಾಕೆಂದರೆ ಸಿಲಿಕಾ ಅಲ್ಲಿಗೇ ನಿಲ್ಲುವುದಿಲ್ಲ, ದಳ ಮೆತ್ತಗಿರಲು ಬೇಕಾದ ನೀರನ್ನೂ ಹೀರುತ್ತದೆ.

ಫ್ರಿಜ್ಜು ಯಾಕೆ ಬೇಡ? ಕೊಯ್ದ ಮಲ್ಲಿಗೆ ಇನ್ನೂ ಉಸಿರಾಡುತ್ತಿರುತ್ತದೆ, ತಣ್ಣಗಿದ್ದರೆ ಆ ಉಸಿರಾಟ ನಿಧಾನವಾಗಿ ಹೂವು ಜಾಸ್ತಿ ಹೊತ್ತು ಬಾಳುತ್ತದೆ. ಪ್ರಿಸರ್ವ್ಡ್ ಗುಲಾಬಿಯ ಜೀವಕೋಶಗಳಾದರೋ ಸತ್ತು ಎಷ್ಟೋ ಕಾಲವಾಗಿದೆ. ತಣ್ಣಗಿಟ್ಟು ಲಾಭವಿಲ್ಲ. ಹೊರಗೆ ತೆಗೆದಾಗ ಗಾಳಿಯ ತೇವ ಅದರ ಮೇಲೆ ಹನಿಗಟ್ಟುವುದು ಮಾತ್ರ ಖಂಡಿತ.

ಬೆಳಕಿನ ಹಾನಿಗೆ ಮಾತ್ರ ಪರಿಹಾರವೇ ಇಲ್ಲ, ಹೋದ ಬಣ್ಣ ಹೋಯಿತು. ಡೈಯ ಅಣುಗಳನ್ನು ಬೆಳಕು ಒಡೆಯುತ್ತದೆ, ಆ ಹಾನಿ ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ. ಮ್ಯೂಸಿಯಮ್ಮುಗಳಲ್ಲಿ ಹಳೆಯ ಬಟ್ಟೆ, ಜಲವರ್ಣದ ಚಿತ್ರಗಳಂಥ ನಾಜೂಕು ವಸ್ತುಗಳಿಗೆ ಸುಮಾರು 50 ಲಕ್ಸ್ ಬೆಳಕು ಸಾಕು ಅನ್ನುತ್ತಾರೆ. ನೆತ್ತಿ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್. ಲೆಕ್ಕ ಹಾಕಿದರೆ ಒಂದು ಗಂಟೆಯ ಬಿಸಿಲೂ 2,000 ಗಂಟೆಯ ಮ್ಯೂಸಿಯಂ ಬೆಳಕೂ ಸಮ. ಗಾಜು ಇದೆಯಲ್ಲ ಅನ್ನಬೇಡಿ. ಸಾಮಾನ್ಯ ಗಾಜು ನೇರಳಾತೀತ ಕಿರಣಗಳಲ್ಲಿ ಒಂದು ಭಾಗವನ್ನಷ್ಟೇ ತಡೆಯುತ್ತದೆ, ಕಣ್ಣಿಗೆ ಕಾಣುವ ಬೆಳಕನ್ನು ಪೂರ್ತಿ ಎನ್ನುವಷ್ಟು ಒಳಗೆ ಬಿಡುತ್ತದೆ, ಡೈ ಮಾಸಲು ಅದೇ ಸಾಕು. ಕಿಟಕಿಯ ಪಕ್ಕ ಚಂದ ಕಾಣುತ್ತದೆ ನಿಜ, ಆದರೆ ಒಳಗೋಡೆಯ ಶೆಲ್ಫೇ ಅದಕ್ಕೆ ಸರಿಯಾದ ಜಾಗ.

ಧೂಳಿಗೆ ಮೆತ್ತನೆಯ ಪೇಂಟಿಂಗ್ ಬ್ರಷ್ ಸಾಕು.

ನೀವೇ ತಲೆಕೆಳಗಾಗಿ ತೂಗುಹಾಕಿ ಒಣಗಿಸಿದ ಹೂವಿನ ವಿಷಯ ಬೇರೆ. ಅದರಲ್ಲಿ ಗ್ಲಿಸರಿನ್ ಇಲ್ಲ. ಒಣಗಿದಷ್ಟೂ ಅದು ಬಾಳುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ ಅಷ್ಟೇ. 1922ರಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ಈಜಿಪ್ಟಿನ ಪ್ರಾಚೀನ ರಾಜ ಟುಟಂಖಾಮುನ್‌ನ ಸಮಾಧಿಯನ್ನು ಪತ್ತೆ ಮಾಡಿದರಲ್ಲ, ಮುಂದೆ ಅದರೊಳಗಿನ ಶವಪೆಟ್ಟಿಗೆಗಳನ್ನು ತೆರೆದಾಗ ಸುಮಾರು 3,300 ವರ್ಷ ಹಳೆಯ ಹೂಮಾಲೆಗಳು ಸಿಕ್ಕವು. ಕತ್ತಲು ಮತ್ತು ಒಣ ಗಾಳಿ ಅವನ್ನು ಉಳಿಸಿದ್ದವು. ಮನೆಯಲ್ಲಿ ಒಣಗಿಸುವುದಾದರೆ ನನ್ನ ಆಯ್ಕೆ ಕೋಳಿಜುಟ್ಟು ಮತ್ತು ಕಾಗದದ ಹೂವು, ಅಂದರೆ ಬೋಗನ್‌ವಿಲ್ಲಾ. ಕಾಗದದ ಹೂವಿನಲ್ಲಿ ನಾವು ದಳ ಅಂದುಕೊಳ್ಳುವುದು ಬಣ್ಣದ ಎಲೆ, ಅದರಲ್ಲಿ ಮೊದಲೇ ನೀರು ಕಡಿಮೆ. ಕೆಂಪು ಗುಲಾಬಿ ಹಾಗೇ ಒಣಗಿದರೆ ಕಪ್ಪಾಗುತ್ತದೆ, ನೋಡಿ ಬೇಜಾರಾಗುತ್ತದೆ.

ಇಂಥ ಒಣಹೂವಿಗೆ ಇನ್ನೊಂದು ಶತ್ರು ಇದೆ, ಅರಿಶಿನ, ಕೊತ್ತಂಬರಿ ಡಬ್ಬಿಯಲ್ಲಿ ಕಾಣಿಸಿಕೊಳ್ಳುವ ಸಣ್ಣ ಕಂದು ಹುಳ. ಹೂವಿನ ಕೆಳಗೆ ನುಣ್ಣನೆ ಪುಡಿ ಬಿದ್ದಿದ್ದರೆ ಅದರದೇ ಕೆಲಸ ಇರಬಹುದು. ಔಷಧಿ ಹೊಡೆಯಬೇಕಿಲ್ಲ. ಹೂವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಮುಚ್ಚಿ ಫ್ರೀಜರಿನಲ್ಲಿ ಎರಡು ವಾರ ಇಡಿ, ಮೊಟ್ಟೆ ಸಮೇತ ಸಾಯುತ್ತವೆ. ಹೊರಗೆ ತೆಗೆದ ಕೂಡಲೇ ಕವರ್ ಬಿಚ್ಚಬೇಡಿ. ಕೋಣೆಯ ಬಿಸಿಗೆ ಹೊಂದಿಕೊಳ್ಳುವ ತನಕ ಒಂದು ರಾತ್ರಿ ಹಾಗೇ ಬಿಡಿ, ಹನಿಗಟ್ಟುವ ನೀರು ಕವರಿನ ಹೊರಗೇ ಉಳಿಯುತ್ತದೆ.