ಯುಗಾದಿಗೆ ತಾರಸಿ ತೋಟ ಶುರು ಮಾಡಬಹುದಾ, ಮಳೆಗಾಲಕ್ಕೆ ಕಾಯಬೇಕಾ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ತಾರಸಿ ಖಾಲಿ ಇದೆ, ದಿನವಿಡೀ ಬಿಸಿಲು ಬೀಳುತ್ತದೆ. ಯುಗಾದಿ ಹೊತ್ತಿಗೆ ತರಕಾರಿ ಹಾಕೋಣ ಅಂತ ಆಸೆ. ಆದರೆ ಬೇಸಿಗೆಯಲ್ಲಿ ಎಲ್ಲ ಒಣಗಿಹೋಗುತ್ತೆ, ಮಳೆ ಬರಲಿ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಏನು ಮಾಡೋದು?

ಉತ್ತರ: ಕಾಯಬೇಡಿ, ಶುರು ಮಾಡಿ. ಆದರೆ ಬೀಜ ತರುವ ಮೊದಲು ಎರಡು ದಿನ ಸುಮ್ನೆ ನಿಮ್ಮ ಮನೆಯ ನೀರಿನ ಲೆಕ್ಕ ಹಾಕಿ. ನಮ್ಮಲ್ಲಿ ಬೇಸಿಗೆ ತೋಟ ಸೋಲುವುದು ಬಿಸಿಲಿಗಿಂತ ಹೆಚ್ಚಾಗಿ ನೀರಿನ ಲೆಕ್ಕ ತಪ್ಪುವುದರಿಂದ.

ಹನ್ನೆರಡು ಇಂಚಿನ ಒಂದು ಕುಂಡಕ್ಕೆ ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಬೇಕಾಗುತ್ತದೆ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನೆಲ್ಲ ಒಂದು ಬಕೆಟ್‌ಗೆ ಸುರಿದು ನೋಡಿ. ದಿನಕ್ಕೆ ಹನ್ನೆರಡು ಲೀಟರ್ ಆಯಿತು ಅನ್ನಿ, ಹಾಗಿದ್ದರೆ ನಿಮಗೆ ಆರು ಕುಂಡ ಸಾಕು. ಜಾಗ ಇದೆ ಅಂತ ಮೂವತ್ತು ಕುಂಡ ಇಡಬೇಡಿ. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರ ಬಂದಾಗ, ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿರಬಹುದು. ಅಂಥ ಬೇಸಿಗೆಯಲ್ಲೂ ಆರು ಕುಂಡಗಳನ್ನು ಅಡುಗೆಮನೆಯ ನೀರಿನಲ್ಲೇ ಉಳಿಸಿಕೊಳ್ಳಬಹುದು. ಉಪ್ಪು ಬಿದ್ದ ನೀರು ಮಾತ್ರ ಬೇಡ. ಆರ್‌ಒ ಫಿಲ್ಟರ್ ಹೊರಗೆ ಬಿಡುವ ವ್ಯರ್ಥ ನೀರಿನಲ್ಲಿ ಲವಣ ಜಾಸ್ತಿ ಇರುತ್ತದೆ, ಅದನ್ನು ದಿನಾ ಹಾಕುವುದೂ ಒಳ್ಳೆಯದಲ್ಲ.

ಇನ್ನು ಏನು ಹಾಕಬೇಕು? ಎಲ್ಲರೂ ಮೊದಲು ಕೇಳುವುದು ಟೊಮೆಟೊ. ದಯವಿಟ್ಟು ಈಗ ಬೇಡ. ಬೇಸಿಗೆಯಲ್ಲಿ ಬಿಳಿನೊಣದ ಕಾಟ ಜಾಸ್ತಿ, ಅದು ಎಲೆ ಮುದುಡುವ ವೈರಸ್ ರೋಗವನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ರೋಗ ತಗುಲಿದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕಷ್ಟೇ. ಮೊದಲ ತೋಟದಲ್ಲೇ ಹೀಗಾದರೆ ಯಾರಿಗಾದರೂ ಬೇಜಾರಾಗುತ್ತೆ, ಅಲ್ವಾ? ವಸಂತ ಬಂದ ಕೂಡಲೇ ಟೊಮೆಟೊ ಹಾಕಿ ಅಂತ ವಿಡಿಯೊಗಳಲ್ಲಿ ಹೇಳುವವರು ಹಿಮ ಕರಗುವ ದೇಶದವರು. ನಮ್ಮ ಚೈತ್ರ, ವೈಶಾಖ ಅಂದರೆ ಸುಡುಬಿಸಿಲು. ಕೊತ್ತಂಬರಿ, ಕ್ಯಾರೆಟ್, ಹೂಕೋಸು ಇವೂ ತಂಪು ಬಯಸುವಂಥವು, ಮಳೆಗಾಲ ಕಳೆಯಲಿ.

ಬಿಸಿಲನ್ನೇ ಇಷ್ಟಪಡುವ ತರಕಾರಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೆಂಡೆ, ಅಲಸಂದೆ, ಹೀರೆ, ಹಾಗಲ, ದಂಟು, ಹರಿವೆ. ಸ್ವಲ್ಪ ನೆರಳಿರುವ ಮೂಲೆಗೆ ಬಸಳೆ. ಆರು ಕುಂಡದ ತೋಟಕ್ಕೆ ನನ್ನ ಆಯ್ಕೆ ಹೀಗೆ: ಬೆಂಡೆಗೆ ಮೂರು, ಸೊಪ್ಪಿಗೆ ಅಗಲವಾದ ಎರಡು, ಹೀರೆಗೆ ದೊಡ್ಡದೊಂದು. ಹೀರೆಗೆ ಹದಿನೆಂಟು ಇಂಚಿನದಾದರೂ ಬೇಕು, ನೀರೂ ಅದಕ್ಕೆ ಸ್ವಲ್ಪ ಜಾಸ್ತಿ.

ಮಣ್ಣಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೂರೂ ಸಮ ಸಮ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಬರೀ ಕೆಂಪು ಮಣ್ಣು ತುಂಬಿದರೆ ಬಿಸಿಲಿಗೆ ಗಟ್ಟಿಯಾಗಿ, ಹಾಕಿದ ನೀರು ಅಂಚಿನಿಂದಲೇ ಇಳಿದುಹೋಗುತ್ತದೆ. ಭಾರವೂ ಜಾಸ್ತಿ. ಕುಂಡಗಳನ್ನು ತಾರಸಿಯ ನಡುವೆ ಗುಂಪಾಗಿ ಇಡದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ, ಇಟ್ಟಿಗೆಯ ಮೇಲೆ ಎತ್ತರಿಸಿ ಇಡಿ.

ಬೆಂಡೆ ಬೀಜವನ್ನು ರಾತ್ರಿ ನೆನೆಸಿ, ಬೆಳಗ್ಗೆ ಒಂದೊಂದು ಕುಂಡಕ್ಕೆ ಮೂರು ಬೀಜ ಊರಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಸಿಕ್ಕರೆ ತನ್ನಿ, ಅದು ಹೈಬ್ರಿಡ್ ಅಲ್ಲ, ಬೀಜ ಉಳಿಸಿಕೊಂಡು ಮುಂದಿನ ಸಲ ಹಾಕಬಹುದು. ಒಂದು ವಾರದಲ್ಲಿ ಮೊಳಕೆ ಕಾಣುತ್ತದೆ. ನಾಲ್ಕು ಎಲೆ ಬಂದಾಗ ಗಟ್ಟಿಯಾಗಿರುವ ಒಂದು ಸಸಿ ಬಿಟ್ಟು ಉಳಿದೆರಡನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ ಬೇರಿಗೂ ಪೆಟ್ಟು ಬೀಳುತ್ತದೆ. ಇಲ್ಲಿ ಕರುಣೆ ತೋರಿಸಿ ಮೂರನ್ನೂ ಬಿಟ್ಟರೆ ಮೂರೂ ಸೊರಗುತ್ತವೆ. ಐವತ್ತು ದಿನದ ಆಸುಪಾಸಿಗೆ ಕಾಯಿ ಶುರು. ಆಮೇಲೆ ದಿನ ಬಿಟ್ಟು ದಿನ ಕೊಯ್ಯಲೇಬೇಕು, ಬಿಟ್ಟರೆ ಬಲಿತು ನಾರಾಗುತ್ತದೆ.

ಹರಿವೆ ಬೀಜ ರಾಗಿಗಿಂತ ಸಣ್ಣದು. ಒಣ ಮರಳಿನ ಜೊತೆ ಬೆರೆಸಿ ಉದುರಿಸಿದರೆ ಒಂದೇ ಕಡೆ ರಾಶಿ ಬೀಳುವುದಿಲ್ಲ. ಮೇಲೆ ತೆಳ್ಳಗೆ ಮಣ್ಣು ಹರಡಿ, ಕೈಯಿಂದ ನೀರು ಚಿಮುಕಿಸಿ. ಇರುವೆ ಹೊತ್ತೊಯ್ಯುತ್ತದೆ, ಕುಂಡದ ಸುತ್ತ ಒಂದಿಷ್ಟು ರವೆ ಚೆಲ್ಲಿದರೆ ಅದರ ಗಮನ ಆ ಕಡೆ ಹೋಗುತ್ತದೆ. ಮೂರು ವಾರಕ್ಕೆ ಒತ್ತಾಗಿ ಬೆಳೆದ ಸಸಿಗಳನ್ನು ಬೇರುಸಮೇತ ಕಿತ್ತರೆ ಅದೇ ಮೊದಲ ಸೊಪ್ಪಿನ ಸಾರು. ಉಳಿದವು ದೊಡ್ಡದಾಗಲಿ.

ಹೀರೆ ಬಗ್ಗೆ ಒಂದು ವಿಷಯ ಮೊದಲೇ ತಿಳಿದಿರಲಿ. ಶುರುವಿನಲ್ಲಿ ಬರುವುದೆಲ್ಲ ಗಂಡು ಹೂ, ಗೊಂಚಲಾಗಿ ಬಂದು ಉದುರಿಹೋಗುತ್ತವೆ. ಗಾಬರಿ ಬೇಡ. ವಾರ ಹತ್ತು ದಿನ ಕಳೆದರೆ ಹೆಣ್ಣು ಹೂ ಬರುತ್ತದೆ, ಅದರ ಬುಡದಲ್ಲಿ ಬೆರಳುಗಾತ್ರದ ಹೀಚು ಇರುತ್ತದೆ. ಹೀಚು ಹಳದಿಯಾಗಿ ಉದುರುತ್ತಿದ್ದರೆ ಪರಾಗ ತಲುಪಿಲ್ಲ ಅಂತಲೇ ಹೆಚ್ಚಿನ ಸಲ ಅರ್ಥ. ಹೀರೆ ಹೂ ಅರಳುವುದು ಸಂಜೆ, ಆ ಹೊತ್ತಿಗೆ ಜೇನುನೊಣ ಗೂಡು ಸೇರಿರುತ್ತದೆ. ಸಂಜೆ ಆರರ ಹೊತ್ತಿಗೆ ಒಂದು ಗಂಡು ಹೂ ಕಿತ್ತು, ದಳ ತೆಗೆದು, ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ನಾಲ್ಕೈದು ದಿನದಲ್ಲಿ ಕಾಯಿ ಉದ್ದವಾಗುವುದು ಕಣ್ಣಿಗೇ ಕಾಣುತ್ತದೆ. ಈ ಕೆಲಸಕ್ಕೆ ಮಕ್ಕಳನ್ನು ಕರೆಯಿರಿ, ಅವರು ಮರೆಯುವುದಿಲ್ಲ.

ನೀರು ಬೆಳಗ್ಗೆ ಎಂಟರೊಳಗೆ. ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಒಳಗೆ ತೇವ ಇದ್ದರೆ ಅವತ್ತು ಬೇಡ. ಮಧ್ಯಾಹ್ನ ಎಲೆ ಜೋತುಬಿದ್ದಿದೆ ಅಂತ ಓಡಿಹೋಗಿ ನೀರು ಸುರಿಯಬೇಡಿ, ಸಂಜೆ ತಾನೇ ಎದ್ದು ನಿಂತರೆ ಗಿಡ ಚೆನ್ನಾಗಿದೆ ಎಂದರ್ಥ. ಸಂಜೆಯಾದರೂ ಏಳದಿದ್ದರೆ ಆಗ ಕೊಡಿ. ಕುಂಡದ ಮೇಲೆ ಎರಡು ಇಂಚು ಒಣಗಿದ ಎಲೆ ಅಥವಾ ತೆಂಗಿನ ನಾರು ಹೊದಿಸಿದರೆ ನೀರಿನ ಖರ್ಚು ನಿಜವಾಗಿಯೂ ಇಳಿಯುತ್ತದೆ. ಹಸಿರು ನೆರಳುಬಲೆ ಸೊಪ್ಪಿಗೆ ಮತ್ತು ಎಳೆ ಸಸಿಗೆ ಸಾಕು. ಬೆಂಡೆ, ಹೀರೆಗೆ ಪೂರ್ತಿ ಬಿಸಿಲೇ ಬೇಕು.

ನೀವು ಕಲಬುರಗಿ, ರಾಯಚೂರು ಕಡೆಯವರಾಗಿದ್ದರೆ ಉತ್ತರ ಬೇರೆ ಇರುತ್ತಿತ್ತು. ನಲವತ್ತು ಡಿಗ್ರಿ ದಾಟುವ ಆ ಬಿಸಿಲಿನಲ್ಲಿ ಕಾದ ತಾರಸಿಯ ಮೇಲೆ ಹೊಸದಾಗಿ ಶುರು ಮಾಡುವುದು ಕಷ್ಟ, ಅಲ್ಲಿ ಜೂನ್‌ವರೆಗೆ ಕಾಯುವುದೇ ಸರಿ. ಬೆಂಗಳೂರಿಗೆ ಏಪ್ರಿಲ್, ಮೇನಲ್ಲಿ ಆಗಾಗ ಗುಡುಗು ಮಳೆ ಬರುತ್ತದೆ. ಅಂಥ ಮಳೆಗೆ ಮುಂಚೆ ಹೀರೆ ಚಪ್ಪರವನ್ನು ಹಗ್ಗ ಹಾಕಿ ಬಿಗಿಯಾಗಿ ಕಟ್ಟಿ, ಕುಂಡದ ತಳದ ತೂತು ಕಟ್ಟಿಕೊಂಡಿಲ್ಲವೇ ನೋಡಿಕೊಳ್ಳಿ.